ಗಂಡನ ಹೆಸರಿಲ್ಲದ ವಾಕ್ಯ

ಮಾನ್ಯ ಶಾಲಾ ಇನ್‌ಸ್ಪೆಕ್ಟರರೇ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ನನ್ನ ಓದು ಐದನೇ ತರಗತಿಗೇ ಮುಗಿಯಿತು, ಕ್ಷಮಿಸಬೇಕು. ಎದುರಿಗೆ ನಿಂತು ಮಾತಾಡುವ ಧೈರ್ಯವಿಲ್ಲದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಕಲ್ಯಾಣದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ನನ್ನ ಅಕ್ಕ ಪದ್ಮಾವತಮ್ಮನಿಗೆ ಇಂಗ್ಲಿಷ್ ವ್ಯಾಕರಣ ಬಾರದು, ಅವಳನ್ನು ಮುಂದುವರಿಸತಕ್ಕದ್ದಲ್ಲ ಎಂದು ಬರೆದು ಹೋಗಿದ್ದೀರಿ. ಅದು ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು.

ನಾವು ಹಿಂದೂಪುರದ ನೇಕಾರರ ಮನೆಯವರು. ಅಕ್ಕನನ್ನು ಕೊಟ್ಟಿದ್ದು ಕಲ್ಯಾಣದುರ್ಗಕ್ಕೆ. ಭಾವ ಎದೆರೋಗದಿಂದ ಯುಗಾದಿಯಲ್ಲೇ ಹಾಸಿಗೆ ಹಿಡಿದರು, ಕೆಮ್ಮಿದರೆ ರಕ್ತ. ಮಗ್ಗ ನಿಂತಿದೆ. ಮನೆ ನಡೆಯುವುದು ಅಕ್ಕನ ಸಂಬಳದಿಂದ. ಅವರ ಆರೈಕೆಗೆಂದು ಬಂದ ನನಗೆ ಅಕ್ಕ ಒಲೆಯ ಮುಂದೆ ಕೂತು ನೀವು ಪರೀಕ್ಷೆಯಲ್ಲಿ ಕೇಳಿದ ಕಾಂಪೌಂಡ್ ಸಬ್ಜೆಕ್ಟನ್ನು ಹೇಳಿಕೊಟ್ಟಳು. "ಅಕ್ಕನೂ ತಂಗಿಯೂ ನೂಲು ಸುತ್ತಿದರು ಅಂದ್ರೆ ಮಾಡೋರು ಇಬ್ರು, ಕೆಲ್ಸ ಒಂದು. ಅಕ್ಕ ನೂಲು ಸುತ್ತಿದಳು, ಗಂಜಿ ಹಾಕಿದಳು ಅಂದ್ರೆ ಮಾಡೋಳು ಒಬ್ಳು, ಕೆಲ್ಸ ಎರಡು. ಅದು ಕಾಂಪೌಂಡ್ ಪ್ರೆಡಿಕೇಟು ಕಣೇ." ನನ್ನಂಥ ದಡ್ಡಿಗೂ ತಿಳಿಯಿತು.

ನೀವು ಶಾಲೆಗೆ ಬಂದ ದಿನ ಅಕ್ಕನಿಗೆ ಮಜ್ಜಿಗೆ ಕೊಡಲು ಬಂದು ಬಾಗಿಲ ಮರೆಯಲ್ಲಿ ನಿಂತಿದ್ದೆ. "ನಿನ್ನ ಹೆಸರನ್ನೂ ಗಂಡನ ಹೆಸರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳು. ಚೆಪ್ಪಮ್ಮಾ!" ಎಂದು ತೆಲುಗು ಬೆರೆಸಿ ಕೇಳಿದಿರಿ.

"ಬೇರೆ ಹೆಸ್ರು ಹಾಕಿ ಯೋಳ್ತೀನಿ ಸ್ವಾಮಿ," ಎಂದಳು ಅಕ್ಕ. ಲಿಂಗಣ್ಣನೂ ರೇವಣಪ್ಪನೂ ಬಂದರು, ಕುಳಿತರು ಎಂದು ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದಳು.

"ಊರ ಗಂಡಸರೆಲ್ಲ ಬಂದು ಕೂತರು, ಗಂಡ ಮಾತ್ರ ಬರಲಿಲ್ಲ! ಯಾಕಮ್ಮಾ, ಯಾವ ಗಂಡನ ಹೆಸರು ಹೇಳಲಿ ಅಂತ ಯೋಚನೆಯೋ?"

ನಿಮ್ಮ ಜವಾನ ನಕ್ಕ. ಹುಡುಗಿಯರು ತಲೆ ತಗ್ಗಿಸಿದರು.

ಗಂಡನ ಹೆಸರೆತ್ತಿದರೆ ಅವನ ಆಯುಸ್ಸು ಕುಗ್ಗುತ್ತದೆಂದು ನಮ್ಮ ಹೆಂಗಸರು ನಂಬುತ್ತಾರೆ. ಇದು ನಿಮಗೆ ತಿಳಿಯದೆ? ನೀವೇನು ಬಿಳಿಯರ ಸೀಮೆಯಿಂದ ಹಡಗಿನಲ್ಲಿ ಇಳಿದವರೇ? ನಿಮ್ಮ ಧರ್ಮಪತ್ನಿಯವರು ನಿಮ್ಮನ್ನು ಏನೆಂದು ಕರೆಯುತ್ತಾರೆ? ನಾವು "ರೀ" ಎನ್ನುವ ಹಾಗೆ ತೆಲುಗಿನಲ್ಲಿ "ಏಮಂಡಿ" ಎಂದಲ್ಲವೇ? ಸರಕಾರದ ದಫ್ತರದಲ್ಲಿಯೂ ನಿಮ್ಮ ಹೆಸರು ಏಮಂಡಿ ಎಂದೇ ಇದೆಯೇ? ಇವತ್ತು ಊಟಕ್ಕೆ ಕೂತಾಗ ನಿಮ್ಮ ಪೂರ್ತಿ ಹೆಸರಿಟ್ಟು ಅವರಿಂದ ಒಂದು ವಾಕ್ಯ ಹೇಳಿಸಿರಿ. ಹೇಳದಿದ್ದರೆ ಅವರಿಗೂ ವ್ಯಾಕರಣ ಬಾರದೆಂದು ಬರೆದು ಮನೆಯಿಂದ ಕಳಿಸಿಬಿಡಿ. ನಂಬಿಕೆ ಮೂಢವೆನ್ನುತ್ತೀರೋ? ಇರಬಹುದು. ಆದರೆ ಗಂಡ ರಕ್ತ ಕಾರುತ್ತಿರುವವಳ ಮೇಲೆ ಅದನ್ನು ಪರೀಕ್ಷಿಸಿ ನೋಡಲು ನಿಮಗೆ ಸಂಬಳ ಕೊಡುತ್ತಾರೆಯೇ?

ನಾನು ಕಲಿತ ಪಾಠವನ್ನೂ ಒಪ್ಪಿಸುತ್ತೇನೆ. ಇನ್‌ಸ್ಪೆಕ್ಟರರೂ ಜವಾನನೂ ನಕ್ಕರು: ಇಬ್ಬರು, ಒಂದೇ ಕೆಲಸ. ಇನ್‌ಸ್ಪೆಕ್ಟರರು ಬಂದರು, ಕಾಫಿ ಕುಡಿದರು, ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡರು, ಜಟಕಾ ಹತ್ತಿದರು: ಒಬ್ಬರೇ, ಎಷ್ಟೊಂದು ಕೆಲಸ! ತಪ್ಪಿದ್ದರೆ ತಿದ್ದಿರಿ.

ಮುಂದಿನ ತಿಂಗಳು ತಿರುಗಿ ಬರುತ್ತೀರಂತೆ. ಮುಖ್ಯೋಪಾಧ್ಯಾಯಿನಿ ಸುವರ್ಣಮ್ಮನವರು ಅಕ್ಕನಿಗೆ, "ಅವ್ರ ಮುಂದೆ ಒಂದ್ಸಲ ಗಂಡನ ಹೆಸ್ರು ಅಂದ್ಬುಡು ಕಣಮ್ಮ, ಕೆಲ್ಸ ಉಳೀತದೆ" ಎಂದಿದ್ದಾರೆ. ನಾನು ಕೇಳುವುದು ಬೇರೆ. ಬನ್ನಿ, ಲೋಕದ ಯಾವ ಹೆಸರನ್ನಾದರೂ ಕೊಟ್ಟು ಅಕ್ಕನನ್ನು ಪರೀಕ್ಷಿಸಿರಿ, ಆ ಒಂದು ಹೆಸರು ಬಿಟ್ಟು. ಅವಳು ಗೆದ್ದರೆ, ಬರೆದದ್ದನ್ನು ಅದೇ ಹುಡುಗಿಯರ ಎದುರಿಗೆ ಹೊಡೆದುಹಾಕಿರಿ.

ಬೇಗ ತಿಳಿಸಿರಿ. ಅಕ್ಕ ನಿಮ್ಮ ಉತ್ತರಕ್ಕೆ ಕಾಯುವ ಹಾಗೆ ಕಾಣುವುದಿಲ್ಲ. ಈ ಬೆಳಿಗ್ಗೆ ಅವಳು ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತು ನೀವು ಕೇಳಿದ ವಾಕ್ಯವನ್ನು ಹೇಳಿ ನೋಡಿದಳು. ಕೇಶವಯ್ಯ ಎಂದು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಳಮನೆಯಿಂದ ಭಾವ, "ಪದ್ದೀ, ನನ್ನೆಸ್ರು ಕೂಗಿದ್ದು ಯಾರಮ್ಮೀ?" ಎಂದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೇ ಕಣ್ ಭಾವ, ನಿಮ್ಗೆ ಬಂದಿದ್ ಕಾಗ್ದ ಓದ್ತಿದ್ದೆ" ಎಂದು ಸುಳ್ಳು ಹೇಳಿ, ಗಂಜಿ ಆರಿಸಿಕೊಂಡು ಹೋಗಿ ಕುಡಿಸಿದೆ.

ಇಂತಿ,
ಇನ್ನೂ ಮದುವೆಯಾಗದ್ದರಿಂದ ಸದ್ಯಕ್ಕೆ ನಿಮ್ಮ ಪರೀಕ್ಷೆಯಿಂದ ಪಾರಾಗಿರುವ
ಹಿಂದೂಪುರದ ಚೌಡೇಶ್ವರಿ