ಕಂಪ್ಯೂಟರಿನಲ್ಲಿ ಮಾತ್ರ ಒಡೆಯದ ಬೆಸುಗೆ

ಕಟ್ಟಡಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಯ ಶಾಲೆಯ ಹೊಸ ಉಕ್ಕಿನ ಹಾಸ್ಟೆಲ್ ಭೂಕಂಪವನ್ನು ತಾಳಿಕೊಳ್ಳುತ್ತದೆ ಎಂದು ತಾವು ಸಹಿ ಹಾಕಿದ್ದೀರಿ. ಅದನ್ನು ಯಾರೂ ಪರೀಕ್ಷಿಸಿಲ್ಲ. ನಾನು ಎಂಜಿನಿಯರಿಂಗ್ ಮೊದಲ ವರ್ಷದವಳು, ಅದೇ ಶಾಲೆಯ ಹಳೆಯ ಹಾಸ್ಟೆಲಿನಲ್ಲಿ ಬೆಳೆದವಳು, ವಾರ್ಡನ್ ಕೆಮ್ಮಿದರೂ ಎದ್ದು ನಿಲ್ಲುವವಳು.

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ತೊಲೆಯನ್ನು ಕಂಬಕ್ಕೆ ಬೆಸೆದ ಒಂದು ಜಾಯಿಂಟನ್ನು ಯಂತ್ರಕ್ಕೆ ಸಿಕ್ಕಿಸಿ ಹಿಂದೆ ಮುಂದೆ ಅಲುಗಾಡಿಸಿದರು. ಮೊದಲು ತೊಲೆ ಬಾಗುತ್ತದೆ, ಬೆಸುಗೆಗೆ ಏನೂ ಆಗುವುದಿಲ್ಲ ಎಂದು ಸಾಫ್ಟ್‌ವೇರಿನಲ್ಲಿ ಕಟ್ಟಿದ ಅದರ ಮಾಡೆಲ್ ಹೇಳಿತ್ತು. ತೊಲೆ ನೆಟ್ಟಗೇ ಇತ್ತು; ಬೆಸುಗೆ ಢಂ ಎಂದು ಸೀಳಿತು. ನಾನು ಕಿರುಚಿಕೊಂಡೆ. ನಮ್ಮ ಮೇಡಂ ನಗಲಿಲ್ಲ. "ಬೆಸುಗೆ ಒಡೀಬಹುದು ಅಂತ ನಾವು ಮಾಡೆಲ್‌ಗೆ ಹೇಳೇ ಇರ್ಲಿಲ್ಲ ಕಣಮ್ಮ. ಹೇಳ್ದೇ ಇದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು?" ಎಂದರು.

ಆ ಪ್ರಶ್ನೆ ಹೊತ್ತುಕೊಂಡೇ ತಮ್ಮ ಕಚೇರಿಗೆ ಬಂದೆ. ತಮ್ಮ ಕಿರಿಯ ಎಂಜಿನಿಯರು ಪಾಪ, ಸ್ಕ್ರೀನ್ ತಿರುಗಿಸಿ ಹಾಸ್ಟೆಲಿನ ಮಾಡೆಲ್ ತೋರಿಸಿದರು. ಅಲ್ಲೂ ಅಷ್ಟೇ, ಬೆಸುಗೆ ಯಾವುದೂ ಒಡೆಯುವುದೇ ಇಲ್ಲವೆಂದು ಮೊದಲೇ ಒಪ್ಪಿಕೊಂಡಾಗಿದೆ.

"ಇದನ್ನ ವೆರಿಫೈ ಮಾಡಿದ್ದು ಹೇಗೆ ಸಾರ್?"

"ಇನ್ನೊಂದ್ಸಲ ರನ್ ಮಾಡಿದ್ವಿ."

"ಅದೇ ಫೈಲಾ?"

"ಮತ್ತೆ ಪಕ್ಕದ್ಮನೇದು ರನ್ ಮಾಡೋಕಾಗುತ್ತೇನಮ್ಮ? ಎರಡ್ಸಲಾನೂ ಪಾಸ್!"

ಒಬ್ಬನನ್ನೇ ಎರಡು ಸಲ ಕೇಳಿ ಇಬ್ಬರು ಸಾಕ್ಷಿಗಳು ಎಂದು ಬರೆದುಕೊಳ್ಳುವುದು ಯಾವ ನ್ಯಾಯ ಸ್ವಾಮಿ? ಭೂಕಂಪ ನೆಲ ನಡುಗಿಸುವ ಮುಂಚೆ ತಮ್ಮ ಕಚೇರಿಗೆ ಬಂದು ಫೈಲ್ ಓದಿಕೊಂಡು ಹೋಗುತ್ತದೆಯೇ?

ನಿನ್ನೆ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ನಂಗೆ ಮೇಲಿನ ಫ್ಲೋರ್ ಸಿಕ್ತು ಕಣೇ! ಕಿಟಕಿ ಪಕ್ಕಾನೇ! ಹೊಟ್ಟೆ ಉರ್ಕೋ!" ಸೋಮವಾರ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾರೆ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಗದೆ ಎಲ್ಲಿ ಮಲಗುತ್ತಾಳೆ? ತಗಡಿನ ಚಾವಣಿಯ, ಒಂದೇ ಮಹಡಿಯ ಹಳೆಯ ಹಾಸ್ಟೆಲ್ ಸೋರುತ್ತದೆಂದು ತಾವೇ ಬೀಗ ಜಡಿಸಿದ್ದೀರಿ.

ಆ ಬೀಗ ತೆಗೆಸಿ ಹೊಸದಕ್ಕೆ ಹಾಕಿಸಿ. ಅಲ್ಲಿರುವಂಥದೇ ಒಂದು ಜಾಯಿಂಟ್ ಮಾಡಿಸಿ, ಒಡೆಯುವ ತನಕ ಅಲುಗಾಡಿಸಿ, ಸಾಫ್ಟ್‌ವೇರ್ ಹೇಳಿದ್ದಕ್ಕೂ ನಡೆದದ್ದಕ್ಕೂ ತಾಳೆ ನೋಡಿ. ಆಮೇಲೆ ಮಕ್ಕಳನ್ನು ಮಲಗಿಸಿ. ನನ್ನದೇ ತಪ್ಪೆಂದು ಗೊತ್ತಾದರೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಅಷ್ಟು ಖುಷಿಯಿಂದ ಯಾರೂ ತಮ್ಮಲ್ಲಿ ಕ್ಷಮೆ ಕೇಳಿರಲಿಕ್ಕಿಲ್ಲ.

ಇಂತಿ,
ತಂಗಿಗೆ "ಕಂಗ್ರಾಟ್ಸ್ ಕಣೇ" ಎಂದು ಫೋನ್ ಇಟ್ಟ ಅಕ್ಕ