ಅಳಿವೆಯ ಬಾಗಿಲು ಕೆಂಪಾಗಿ ನಿಂತ ದಿನ

ಶಾಲಿವಾಹನ ಶಕ ೨೧೧೪, ಶ್ರಾವಣ
ಶರಾವತಿ ಅಳಿವೆ, ಕಡಲಗೋಡೆ

ಎಲ್ಲ ತಂಡಗಳ ಕೆಲಸವನ್ನು ಒಂದೇ ತಂತ್ರಾಂಶದಲ್ಲಿ ಪೋಣಿಸಲು ಕೂತಿರುವವರೇ,

ನನ್ನ ಮಾತು ನಿಮಗೆ ವಿಚಿತ್ರವಾಗಿ, ಒರಟಾಗಿ ಕೇಳೀತು. ವಿಚಿತ್ರಕ್ಕೆ ಕ್ಷಮೆಯಿರಲಿ. ಒರಟುತನಕ್ಕೆ ಕೇಳಲಾರೆ.

ನಾನು ಕಾಮಾಕ್ಷಿ ಅಂಬಿಗ, ಕಡಲು ಉಕ್ಕಿದಾಗ ಇಳಿಸಿ ನೀರು ತಡೆಯುವ ಕಡಲಗೋಡೆಯ ಬಾಗಿಲು ಕಾಯುವ ತಂಡದ ಮುಖ್ಯಸ್ಥೆ. ನೀವು ಈಗ ಹೆಣೆಯುತ್ತಿರುವುದನ್ನು, ನಿಮ್ಮ ಕಾಲದಿಂದ ಒಂದೂವರೆ ಶತಮಾನ ಮುಂದಿರುವ ನಾವು ‘ಸರಪಳಿ’ ಎನ್ನುತ್ತೇವೆ. ಬೆಳಿಗ್ಗೆ ಎದ್ದರೆ ಮೊದಲು ಅದರ ಮುಖ ನೋಡಬೇಕು. ಪರದೆಯ ಮೇಲೆ ನಮ್ಮ ಸಾಲು ಹಸಿರಾದರೆ ಕೆಲಸ, ಕೆಂಪಾದರೆ ಕಾಯುವಿಕೆ. ಬೇರೆ ತಂಡ ತನ್ನ ಕೆಲಸ ಮುಗಿಸುವ ತನಕ ನಮ್ಮ ಯಂತ್ರಗಳು ಅಲ್ಲಾಡುವುದಿಲ್ಲ. ಅದನ್ನು ತಿದ್ದುವ ಹಕ್ಕನ್ನು ನೀವು ಯಾರಿಗೂ ಬಿಟ್ಟುಹೋಗಲಿಲ್ಲ.

ನೀವು ಬರೆದಿಟ್ಟ ನಿಯಮ ಹೀಗಿದೆ: ಕರೆಂಟು ಬಂದ ಮೇಲೆ ಬಾಗಿಲು ಇಳಿಯಬೇಕು. ತಗ್ಗುಕೇರಿ ಖಾಲಿಯಾದ ಮೇಲೆ ಕರೆಂಟು ಬಿಡಬೇಕು, ಯಾಕೆಂದರೆ ತಂತಿ ಹೋಗಿರುವುದು ಆ ಕೇರಿಯ ಅಡಿಯಲ್ಲೇ. ಬಾಗಿಲು ಇಳಿಯಲು ಶುರುವಾದ ಮೇಲೆ ಕೇರಿ ತೆರವಿಗೆ ಬಂಡಿಗಳು ಹೊರಡಬೇಕು, ಸುಮ್ಮಸುಮ್ಮನೆ ಜನರನ್ನು ಓಡಿಸಬಾರದಲ್ಲ! ಒಂದೊಂದೂ ಜಾಣತನದ ಮಾತೇ. ಮೂರನ್ನೂ ಒಟ್ಟಿಗಿಟ್ಟು ನೋಡುವ ಪುರುಸೊತ್ತು ಮಾತ್ರ ನಿಮ್ಮಲ್ಲಿ ಯಾರಿಗೂ ಇರಲಿಲ್ಲ.

ಕಳೆದ ಹುಣ್ಣಿಮೆಯ ಮಧ್ಯಾಹ್ನ ಕಡಲು ಉಕ್ಕಿತು. ಮೂರು ತಂಡಗಳ ಸಾಲೂ ಕೆಂಪು. ನಾನು ವಿದ್ಯುತ್ ಮನೆಯ ವಿಠೋಬನನ್ನು ಕೂಗಿದೆ: “ಕರೆಂಟ್ ಬಿಡೋ, ನೀರು ಹೊಸಿಲಿಗೆ ಬಂತು!”

“ಕೇರಿ ಖಾಲಿ ಆಗ್ದೆ ಹ್ಯಾಂಗೆ ಬಿಡೂದು ಅಕ್ಕ? ನನ್ನ ಬದಿ ಕೆಂಪೇ ಅದೆ. ಗುಂಡಿ ಒತ್ತಿದ್ರೂ ಕೇಳೂದಿಲ್ಲ ಮಾರಾಯ್ತಿ!” ಅವನು ಅಳುತ್ತಿದ್ದ.

ನನ್ನ ತಂಗಿ ಹೇಮಿ ತೆರವಿನ ತಂಡದವಳು. ಅವಳ ಬಂಡಿಗಳು ಕೇರಿಯ ತಲೆಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದವು. “ನಾನು ನಡ್ಕೊಂಡೇ ಹೋಗ್ತೆ ಅಕ್ಕ. ಮುದುಕರನ್ನಾದ್ರೂ ಎತ್ಕೊಂಡು ಬರ್ತೆ,” ಫೋನಿನಲ್ಲಿ ಅಂದಳು. ಅದೇ ಅವಳಿಂದ ನಾನು ಕೇಳಿದ ಕೊನೆಯ ಮಾತು.

ನಾನು ಕೈಚಕ್ರದ ಬೀಗ ಒಡೆದೆ, ತಂಡವೆಲ್ಲ ಸೇರಿ ಅದನ್ನು ತಿರುಗಿಸಿದೆವು. ಅಂಗೈ ಸುಲಿದು ಚಕ್ರವೆಲ್ಲ ರಕ್ತವಾಯಿತು. ಕರೆಂಟಿದ್ದರೆ ಉಸಿರೆಳೆಯುವಷ್ಟರಲ್ಲಿ ಇಳಿಯುವ ಬಾಗಿಲು ಇಂಚಿಂಚಾಗಿ ಇಳಿಯಿತು. ಊರು ಉಳಿಯಿತು. ಹೇಮಿ ಎಷ್ಟೋ ಜನರನ್ನು ದಿಬ್ಬಕ್ಕೆ ಹತ್ತಿಸಿ, ಮತ್ತೊಮ್ಮೆ ಕೇರಿಗೆ ಇಳಿದವಳು ಮೇಲೆ ಬರಲಿಲ್ಲ.

ವಿಚಾರಣೆಗೆ ಬಂದವರು ಯಾರ ತಪ್ಪೂ ಇಲ್ಲವೆಂದರು. ಎಲ್ಲರೂ ನಿಯಮ ಪಾಲಿಸಿದ್ದಾರಂತೆ. ಮುರಿದವರು ಇಬ್ಬರೇ: ಬೀಗ ಒಡೆದ ನಾನು, ಅಪ್ಪಣೆಯಿಲ್ಲದೆ ಕೇರಿಗಿಳಿದ ನನ್ನ ತಂಗಿ. ಸತ್ತವಳ ಹೆಸರಿಗೂ ನೋಟೀಸು ಬಂತು. ಅದನ್ನು ಅವ್ವನ ಕೈಗೆ ಕೊಟ್ಟುಹೋದರು.

ತಣ್ಣನೆಯ ಕೋಣೆಯಲ್ಲಿ ಚಹಾ ಕುಡಿಯುತ್ತ ಬಾಣದ ಗುರುತು ಎಳೆಯುತ್ತಿದ್ದೀರಿ. ಕೈ ನಿಲ್ಲಿಸಿ. ಬಾಗಿಲಿನವರನ್ನು, ಕರೆಂಟಿನವರನ್ನು, ತೆರವಿನವರನ್ನು ಒಂದೇ ಜಗಲಿಯಲ್ಲಿ ಕೂರಿಸಿ, ಯಾರು ಯಾರಿಗಾಗಿ ಕಾಯಬೇಕು ಎಂದು ಅವರ ಬಾಯಿಂದಲೇ ಕೇಳಿ. ಕಣ್ಣೆದುರು ನೀರು ಕಂಡವನಿಗೆ ಸರಪಳಿ ಬಿಚ್ಚುವ ಹಕ್ಕು ಕೊಡಿ.

ಇಷ್ಟು ಮಾಡಿದರೂ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ಆದರೆ ಆಗ ನನ್ನ ಕಾಲದಲ್ಲಿ ಹೇಮಿ ಬದುಕಿರುತ್ತಾಳೆ, ನಿಮ್ಮನ್ನು ಶಪಿಸಲು ನನಗೆ ಕಾರಣವೇ ತಿಳಿದಿರುವುದಿಲ್ಲ.

ಕಾಮಾಕ್ಷಿ