ಮೋರಿಯ ಬಾಯಿ ಕಟ್ಟಿದವರು

ಜನವರಿ 3, ಬೆಳಿಗ್ಗೆ

ಮತ್ತೆ ಚರಂಡಿ ಉಕ್ಕಿದೆ. ಬಾಗಿಲಿಗೆ ಚಪ್ಪಲಿ ತೇಲಿ ಬಂತು, ಎಡಗಾಲಿನದು. ಹೋದ ವಾರ ಬಂದದ್ದು ಬಲಗಾಲಿನದು. ಅಳತೆ ಬೇರೆ. ಇಲ್ಲದಿದ್ದರೆ ಜೋಡಿಯಾಗುತ್ತಿತ್ತು.

ನಾನು ಈ ಗಲ್ಲಿಯ ಅಧ್ಯಕ್ಷ. ಆಯ್ಕೆಯ ಸಭೆಯಲ್ಲಿ ಮೂತ್ರಕ್ಕೆಂದು ಎದ್ದು ಹೋಗಿದ್ದೆ. ಬರುವಷ್ಟರಲ್ಲಿ ಸರ್ವಾನುಮತದಿಂದ ಗೆದ್ದಿದ್ದೆ. ಸೆಮರಾಂಗ್ ಊರಿನಲ್ಲಿ ಪ್ರಜಾಪ್ರಭುತ್ವ ಹೀಗೆಯೇ ಬೇರೂರಿರುವುದು.

ತಗ್ಗಿನ ತುದಿಮನೆಯ ತರ್ಮಿಯಮ್ಮ, ನಮ್ಮ ಮಾತಿನಲ್ಲಿ ಬು ತರ್ಮಿ, ಬಂದಿದ್ದರು. ಹುದುಗಿಸಿದ ಸೋಯಾ ಬಿಲ್ಲೆ, ತೆಂಪೆ, ಮಾರಿ ಮಗಳು ನಿಂಗ್ರುಮ್‌ಳನ್ನು ಬೆಳೆಸಿದಾಕೆ.

"ಅಧ್ಯಕ್ಷರೇ, ಹತ್ತೊಂಬತ್ತಕ್ಕೆ ನಿಂಗ್ರುಮ್ ಮದುವೆ. ಶಾಮಿಯಾನ ಗಲ್ಲೀಲೇ, ಆ ಮೋರಿ ಪಕ್ಕಾನೇ. ಬೇರೆ ಜಾಗ ಎಲ್ಲಿದೆ ನಂಗೆ? ಬೀಗರ ಕಾಲಡಿಗೆ ಈ ನೀರು ಬಂದ್ರೆ ಮುಖ ಎಲ್ಲಿಡ್ಲಿ?"

"ಚಿಂತೆ ಬಿಡಿ ಬು. ಸಭೆ ಕರೀತೀನಿ."

ಕರೆಯುವುದು ನನಗೆ ಬರುತ್ತದೆ.

ಜನವರಿ 4

ಸಭೆ. ಕಾಫಿ ಚೆನ್ನಾಗಿತ್ತು.

ನಿವೃತ್ತ ಮೇಷ್ಟ್ರು ಪಾಕ್ ಹರ್ಜಿತೊ ಪ್ರಕಾರ ತಪ್ಪು ನಗರಸಭೆಯದು. ಮಾಂಸದುಂಡೆ ಸಾರಿನ ಅಂಗಡಿಯ ಬು ಯಾಯುಕ್ ಪ್ರಕಾರ ಮೇಲಿನ ಗಲ್ಲಿಯವರದು.

"ಅವ್ರ ಕಸಾನೇ ಇಲ್ಲಿಗೆ ಬರೋದು. ನಮ್ದೇನಿದೆ?"

"ನಿಮ್ಮದು ಎಲ್ಲಿಗೆ ಹೋಗುತ್ತಮ್ಮ?" ಎಂದರು ಮೇಷ್ಟ್ರು.

"ಕೆಳಗಿನ ಗಲ್ಲಿಗೆ! ಇನ್ನೆಲ್ಲಿಗೆ?"

ಆಕೆಗೆ ಇದರಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಕ್ಷಣಕ್ಕೆ ಕಾಣಲಿಲ್ಲ.

ನಿರ್ಣಯ ಒಂದು — ಹನ್ನೆರಡನೇ ತಾರೀಖು, ಭಾನುವಾರ, ಎಲ್ಲರೂ ಸೇರಿ ಚರಂಡಿ ಬಳಿಯುವುದು. ನಿರ್ಣಯ ಎರಡು — ಜನಜಾಗೃತಿಗಾಗಿ ಒಂದು ಫ್ಲೆಕ್ಸ್. ಎರಡನೆಯದನ್ನು ಮಧ್ಯಾಹ್ನವೇ ಜಾರಿಗೆ ತಂದೆ, ಮುದ್ರಣಕ್ಕೆ ಕೊಟ್ಟು.

ಜನವರಿ 7

ಫ್ಲೆಕ್ಸ್ ಬಂತು. "ನಿಮ್ಮ ಕಸ, ನಿಮ್ಮ ಹೊಣೆ." ಪಕ್ಕದಲ್ಲಿ ನಾನು, ಆಳೆತ್ತರ, ಬೆರಳು ತೋರಿಸುತ್ತಾ. ಚರಂಡಿಯ ಮೇಲೆ, ವಿದ್ಯುತ್ ಕಂಬಕ್ಕೂ ಸೀಬೆ ಮರಕ್ಕೂ ನಾನೇ ಕಟ್ಟಿದೆ, ಹಳೆಯ ರಾಫಿಯಾ ಪ್ಲಾಸ್ಟಿಕ್ ದಾರದಲ್ಲಿ. ಹೆಂಡತಿ ಮುರ್ನಿ ನೋಡಿದಳು.

"ದಾರ ಲಡ್ಡಾಗಿದೆ ಕಣ್ರೀ."

"ಹೊಸದು ತಂದು ಬಿಗೀತೀನಿ, ನಾಳೆ."

ಜನವರಿ 12, ಭಾನುವಾರ

ಐತಿಹಾಸಿಕ ದಿನ.

ನಮ್ಮಲ್ಲೊಂದು ಪದ್ಧತಿ. ಕೂಡಿ ಮಾಡುವ ಕೆಲಸಕ್ಕೆ ಬರಲಾಗದವರು ತಿಂಡಿ ಕಳಿಸುತ್ತಾರೆ. ಮರ್ಯಾದೆ ಉಳಿಯುತ್ತದೆ. ಮೇಷ್ಟ್ರಿಗೆ ಮಂಡಿ ನೋವು — ಕರಿದ ತೋಫು ಬಂತು. ಬು ಯಾಯುಕ್‌ಗೆ ಅಂಗಡಿ — ಅಂಗಡಿಯ ಹೆಸರಿನ ಪ್ಲಾಸ್ಟಿಕ್ ಚೀಲಗಳಲ್ಲಿ ಸಾರು. ಕರಿದ ಬಾಳೆಹಣ್ಣು, ಬೇಯಿಸಿದ ಗೆಣಸು, ತರಕಾರಿ ಬೋಂಡಾ, ಕಾಫಿ... ಎಲ್ಲ ಮನೆಗಳಿಂದಲೂ ಬಂತು. ಯಾವ ಮನೆಯಿಂದಲೂ ಮನುಷ್ಯರು ಬರಲಿಲ್ಲ.

ಬು ತರ್ಮಿ ಗುದ್ದಲಿ ಹಿಡಿದು ನಿಂತಿದ್ದರು. ಮದುವಣಗಿತ್ತಿಯ ತಾಯಿ ಚರಂಡಿಗೆ ಇಳಿಯಬಾರದು, ಅಪಶಕುನ ಎಂದು ನಾನೇ ತಡೆದೆ.

"ಹಾಗಾದ್ರೆ ನೀವು ಇಳೀತೀರಾ?"

"ನಂಗೆ ಸೊಂಟನೋವು, ಬು. ನಾನು ಉಸ್ತುವಾರಿ."

ಇಬ್ಬರೂ ತಿಂದೆವು. ಹತ್ತಿರದ ಮನೆಯವರು ವಾಸನೆಗೆ ಬಂದು ಕೈ ಜೋಡಿಸಿದರು. ತಿಂಡಿಯ ಪ್ಲಾಸ್ಟಿಕ್ ಎಲ್ಲಿ ಹೋಯಿತೆಂದು ನಾನು ನೋಡಲಿಲ್ಲ. ಅದಕ್ಕೂ ಉಸ್ತುವಾರಿ ಬೇಕಿತ್ತು.

ಜನವರಿ 15

ಭಾರಿ ಗಾಳಿ. ಬೆಳಿಗ್ಗೆ ಫ್ಲೆಕ್ಸ್ ನಾಪತ್ತೆ. ಕದ್ದಿದ್ದಾರೆ! ಮೇಷ್ಟ್ರ ಮೇಕೆ ಕೊಟ್ಟಿಗೆ ಸೋರುತ್ತಿತ್ತು, ಗಮನಿಸಿದ್ದೆ. ಅದಕ್ಕೇ ಹೊದಿಸಿರಬೇಕೆಂದು ಹಿಂದಿನಿಂದ ಹೋಗಿ ಇಣುಕಿದೆ. ಇನ್ನೂ ಸೋರುತ್ತಿದೆ. ಮೇಕೆ ನನ್ನನ್ನು ನೋಡಿದ ರೀತಿ ಸರಿಯಿರಲಿಲ್ಲ.

ಜನವರಿ 18

ಬು ತರ್ಮಿಯ ಮನೆಗೆ ಮಳೆ ತಡೆಯುವ ಮ್ಬಾ ಕರ್ಸೊ ಬಂದಿದ್ದಾರೆ. ಊದುಬತ್ತಿ, ಮಂತ್ರ, ಪೊರಕೆ ಕಡ್ಡಿಗೆ ಚುಚ್ಚಿದ ಮೆಣಸಿನಕಾಯಿ-ಈರುಳ್ಳಿ. ಗಲ್ಲಿಗೆಲ್ಲ ನೆಮ್ಮದಿ. ಇನ್ನು ಹೊಣೆ ಅವರದು.

ಬು ತರ್ಮಿ ಮಾತ್ರ ಮೋರಿಯ ಬಳಿ ನಿಂತಿದ್ದರು. ಕೇಳಿದ್ದರೆ ಉತ್ತರ ತಯಾರಿತ್ತು.

ಜನವರಿ 19, ಸಂಜೆ

ಕೈ ಇನ್ನೂ ನಾರುತ್ತಿದೆ. ಮೂರು ಸಲ ಸೋಪು ಹಾಕಿದ್ದೇನೆ.

ಮಧ್ಯಾಹ್ನ ನಿಂಗ್ರುಮ್ ಗಂಡನ ಪಕ್ಕ ಮಂಟಪದಲ್ಲಿ ಕೂತಿದ್ದಳು, ತಲೆ ತುಂಬ ಮಲ್ಲಿಗೆ. ಆಕಾಶ ಶುಭ್ರ. ಬೀಗರು ಊಟಕ್ಕೆ ಕೂತರು. ಆಗ ಶಾಮಿಯಾನದೊಳಗೆ ನೀರು ಬಂತು, ಕಪ್ಪಗೆ. ಬೀಗರ ಕಡೆಯ ಹೆಂಗಸರು ಸೀರೆಗಿಂತ ಬಿಗಿಯಾದ ತಮ್ಮ ಬಾಟಿಕ್ ಲುಂಗಿಗಳನ್ನು ಹಿಡಿದು ಕಾಲು ಕುರ್ಚಿಯ ಮೇಲಿಟ್ಟರು.

ಎಲ್ಲರೂ ಮ್ಬಾ ಕರ್ಸೊ ಮೇಲೆ ಬಿದ್ದರು.

"ಏನಜ್ಜ ಇದು? ಮಂತ್ರ ಮರೆತ್ಯಾ?"

ಅಜ್ಜ ಮೇಲೆ ಬೆರಳು ತೋರಿಸಿದರು. "ಒಂದು ಹನಿ ಬಿದ್ದಿದ್ಯಾ? ಗುಡ್ಡದ ಕಡೆ ಮಳೆ ಆಗಿದೆ, ಆ ನೀರು ಇಲ್ಲಿಗೆ ಬಂದಿದೆ. ನನ್ನ ಒಪ್ಪಂದ ಆಕಾಶದ ಜೊತೆ ಕಣಯ್ಯ, ಚರಂಡಿ ಜೊತೆ ಅಲ್ಲ!"

ಮೇಷ್ಟ್ರು ನಗರಸಭೆಗೆ ಫೋನ್ ಹಚ್ಚಿದರು. ಭಾನುವಾರ. ಬು ಯಾಯುಕ್ ಮೇಲಿನ ಗಲ್ಲಿಯ ಕಡೆ ತಿರುಗಿ ಬೈದರು. ನಾನು ತುರ್ತು ಸಭೆ ಎನ್ನಲು ಬಾಯಿ ತೆರೆದೆ. ಬು ತರ್ಮಿ ಎದುರು ನಿಂತಿದ್ದರು. ಹೊಸ ಕೆಬಾಯಾ ರವಿಕೆ, ಕೈಯಲ್ಲಿ ಗುದ್ದಲಿ.

"ನಾನು ಇಳಿದ್ರೆ ಅಪಶಕುನ ಅಂದ್ರಲ್ಲ, ಅಧ್ಯಕ್ಷರೇ..."

ಪ್ಯಾಂಟು ಮಡಚಿ ಇಳಿದೆ. ಸೊಂಟ ಸುಮ್ಮನಿತ್ತು. ಮೋರಿಯ ಬಾಯಿಗೆ ಏನೋ ಅಂಟಿಕೊಂಡಿತ್ತು, ಅದರ ಹಿಂದೆ ತಿಂಡಿಯ ಪ್ಲಾಸ್ಟಿಕ್‌ನ ಗುಡ್ಡೆ. ಎರಡೂ ಕೈ ಹಾಕಿ ಎಳೆದೆ. ಗುಳುಗುಳು ಎಂದು ನೀರು ಇಳಿಯಿತು. ಬೀಗರ ಕಾಲುಗಳೂ ಇಳಿದವು.

"ಯಾವ ಅಯೋಗ್ಯ ಎಸೆದಿದ್ದು ಅದನ್ನ? ಬಿಚ್ಚಿ, ನೋಡೋಣ!" ಮೇಷ್ಟ್ರು ಮೇಲಿಂದ ಕೂಗಿದರು.

ಕೆಸರಿನಡಿ ಬಣ್ಣ ಕಂಡಿತ್ತು. ನನ್ನದೇ ಬೆರಳು, ನನ್ನ ಕಡೆಗೇ. ಸುರುಳಿ ಸುತ್ತಿ ಆಚೆ ಎಸೆಯಬಹುದಿತ್ತು. ಗಾಳಿ ಎನ್ನಬಹುದಿತ್ತು, ದಾರ ಮಾಡಿದ ಕಂಪನಿ ಎನ್ನಬಹುದಿತ್ತು. ಬು ತರ್ಮಿ ನೋಡುತ್ತಿದ್ದರು.

ಬಿಚ್ಚಿ ಹಿಡಿದೆ.

"ನಂದೇ," ಎಂದೆ. "ದಾರ ಬಿಗೀಲಿಲ್ಲ."

ಮೊದಲು ನಕ್ಕಿದ್ದು ಮದುಮಗಳು. ಆಮೇಲೆ ಬೀಗರು. ಬು ಯಾಯುಕ್ ಮಾತ್ರ ನಗಲಿಲ್ಲ. ಪ್ಲಾಸ್ಟಿಕ್ ಗುಡ್ಡೆಯಲ್ಲಿ ಅವರ ಅಂಗಡಿಯ ಹೆಸರಿತ್ತು.

ಜನವರಿ 26, ಭಾನುವಾರ, ಬೆಳಿಗ್ಗೆ ಏಳು

ಇವತ್ತು ಪೂರ್ತಿ ಚರಂಡಿ ಬಳಿಯುವುದು. ನಾನೇ ಸಾರಿದ್ದು. ಸೊಂಟ ಮತ್ತೆ ಹಿಡಿದಿದೆ. ಈ ಸಲ ನಿಜವಾಗಿಯೂ. ಅಡುಗೆಮನೆಯಿಂದ ಚೊಯ್ ಸದ್ದು.

"ಏನೇ ಅದು?"

"ಬೋಂಡಾ. ನಿಮಗೆ ಹೋಗಕ್ಕಾಗದಿದ್ರೆ ಕಳಿಸೋಕೆ."

ಮೇಷ್ಟ್ರ ಮನೆಯಿಂದಲೂ ಎಣ್ಣೆಯ ವಾಸನೆ ಬರುತ್ತಿದೆ. ಹೊರಗೆ ಒಂದೇ ಗುದ್ದಲಿಯ ಸದ್ದು. ಬು ತರ್ಮಿ. ಮದುವೆ ಮುಗಿಯಿತಲ್ಲ, ಇನ್ನು ತಡೆಯುವ ಹಾಗಿಲ್ಲ.

ಮುರ್ನಿಗೆ ಒಲೆ ಆರಿಸು ಎಂದೆ. ಗುದ್ದಲಿ ಎಲ್ಲಿಟ್ಟೆ...